ಮೊಹರು ಬಿದ್ದ ಕೈಮಾ

ಬೊಲೊನೀಸ್ ಪಾಸ್ತಾ ಮಾಡಿದೆ ಎಂದು ಯಾರಾದರೂ ಹೇಳುವುದೇ ತಡ, 'ಅದು ಅಸಲಿ ಅಲ್ಲ' ಎನ್ನುವವರು ಎದ್ದು ನಿಲ್ಲುತ್ತಾರೆ. ಬೆಳ್ಳುಳ್ಳಿ ಹಾಕಬಾರದಂತೆ, ಸ್ಪಾಗೆಟ್ಟಿ ಜೊತೆ ತಿನ್ನಬಾರದಂತೆ, ಹಸಿ ಸೊಪ್ಪಿನ ಮಾತಂತೂ ಎತ್ತಲೇಬಾರದಂತೆ. ಇವರಲ್ಲಿ ಇಟಲಿಯ ಬೊಲೊನ್ಯಾ ನಗರವನ್ನು ಕಂಡವರು ಕಡಿಮೆ. ನಾನೂ ಕಂಡಿಲ್ಲ. ಆದರೆ ಈ 'ಅಸಲಿ' ಎಲ್ಲಿಂದ ಬಂತು ಎಂದು ತಿಳಿಯಲು ಅಲ್ಲಿಗೆ ಹೋಗಬೇಕಿಲ್ಲ, ದಾಖಲೆ ಓದಿದರೆ ಸಾಕು.

ಪಾಸ್ತಾಕ್ಕೆ ಕಲಸುವ ಮಾಂಸದ ಗೊಜ್ಜಿಗೆ ಅಲ್ಲಿ 'ರಗೂ' ಎನ್ನುತ್ತಾರೆ. ಅದರ ಪಾಕವಿಧಾನವನ್ನು ಇಟಲಿಯ ಪಾಕಶಾಸ್ತ್ರ ಅಕಾಡೆಮಿ 1982ರ ಅಕ್ಟೋಬರ್ 17ರಂದು ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿತು. ಜೊತೆಗೆ ತಿನ್ನಬೇಕಾದ ತಾಲ್ಯಾತೆಲ್ಲೆ ಪಾಸ್ತಾದ ಅಗಲವನ್ನು 1972ರಲ್ಲೇ ನಿಗದಿ ಮಾಡಿಯಾಗಿತ್ತು: ಬೆಂದ ಮೇಲೆ 8 ಮಿ.ಮೀ. ಅದಕ್ಕೊಂದು ಚಿನ್ನದ ಮಾದರಿಯೂ ಇದೆ. (ಸೈಟು ನೋಂದಣಿಗೂ ಇಷ್ಟು ಅಳತೆ ಹಿಡಿಯುವುದಿಲ್ಲ.) 2023ರಲ್ಲಿ ಪಾಕವಿಧಾನವನ್ನು ಪರಿಷ್ಕರಿಸಿದರು. ಈಗ ಒಪ್ಪಿಗೆಯಿಲ್ಲದವುಗಳ ಪಟ್ಟಿಯೂ ಉಂಟು: ಕರುವಿನ ಮಾಂಸ, ಬೆಳ್ಳುಳ್ಳಿ, ರೋಸ್‌ಮೇರಿ, ಪಾರ್ಸ್ಲಿ.

ಕರುವಿನ ಮಾಂಸ ಕೂಡದು ಎಂಬಲ್ಲಿ ನನಗೆ ನಗು ಬಂತು. ಪೆಲ್ಲೆಗ್ರಿನೊ ಆರ್ತೂಸಿಯ ಪ್ರಸಿದ್ಧ ಅಡುಗೆ ಪುಸ್ತಕ ಮೊದಲು ಅಚ್ಚಾದದ್ದು 1891ರಲ್ಲಿ. ಅದರ 'ಬೊಲೊನ್ಯಾ ಶೈಲಿಯ ಮೆಕರೋನಿ'ಗೆ ಬೇಕಾದದ್ದು ಕರುವಿನ ಮಾಂಸವೇ! ಬೆಣ್ಣೆ ಇದೆ, ಜಾಯಿಕಾಯಿ ಇದೆ, ಟೊಮೆಟೊ ಇಲ್ಲ. ಬೇಕಿದ್ದರೆ ಒಣ ಅಣಬೆ ಹಾಕಿಕೊಳ್ಳಿ, ಕೊನೆಗೆ ಕೆನೆ ಸೇರಿಸಿ ಎಂದು ಆರ್ತೂಸಿ ಓದುಗರಿಗೆ ಬಿಟ್ಟುಕೊಡುತ್ತಾನೆ. ಅವನೇ ಇಂದು ಈ ತಟ್ಟೆ ಹಿಡಿದು ಹೋದರೆ ಅಕಾಡೆಮಿಯ ಪರೀಕ್ಷೆಯಲ್ಲಿ ನಪಾಸು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. 2019ರಲ್ಲಿ ಬೊಲೊನ್ಯಾದ ಮೇಯರ್ ಆಗಿದ್ದ ವಿರ್ಜಿನಿಯೊ ಮೆರೋಲಾ, 'ಸ್ಪಾಗೆಟ್ಟಿ ಬೊಲೊನೀಸ್' ಎಂಬುದೇ ಸುಳ್ಳು ಸುದ್ದಿ ಎಂದು ಜರೆದು, ಲೋಕದ ಎಲ್ಲೆಡೆಯಿಂದ ಅದರ ಚಿತ್ರಗಳನ್ನು ಕಳಿಸಿ ಎಂದು ಕೇಳಿದರು. ಆದರೆ ಸ್ಪಾಗೆಟ್ಟಿಯ ಮೇಲೆ ಧಾರಾಳವಾಗಿ ಮಾಂಸ ಸುರಿಯಲು ಕಲಿತವರು ಯಾರು? ಊರಲ್ಲಿ ಹಬ್ಬಕ್ಕಷ್ಟೇ ಮಾಂಸ ಕಂಡು, ಹೊಟ್ಟೆಪಾಡಿಗೆ ಅಮೆರಿಕಕ್ಕೆ ಹಡಗು ಹತ್ತಿದ ದಕ್ಷಿಣ ಇಟಲಿಯ ಬಡವರೂ ಅವರಲ್ಲಿದ್ದರು. ಅಲ್ಲಿ ಕೂಲಿಯ ದುಡ್ಡಿಗೆ ಮಾಂಸ ಸಿಕ್ಕಿತು, ಹಾಕಿದರು, ಉಂಡರು. ಅವರ ತಟ್ಟೆ ನಕಲಿ, ಕಚೇರಿಯ ಕಾಗದ ಅಸಲಿ ಎನ್ನುವುದು ನನಗೆ ಒಗ್ಗದ ಮಾತು.

ಬಾಟಲಿಯಲ್ಲಿ ಬರುವ ಸಿಹಿಸಿಹಿ ಸಾಸನ್ನು ರಗೂ ಎಂದು ಮಾರುವವರ ಮೇಲೆ ಬೊಲೊನ್ಯಾದವರಿಗೆ ಸಿಟ್ಟಿದ್ದರೆ ಅದು ನ್ಯಾಯ. ಆದರೆ ಅಲ್ಲಿ ಕೆಡುವುದು ಹದ. ಸೊಪ್ಪನ್ನು ನಿಷೇಧಿಸಿದರೆ ಹದ ಬರುವುದಿಲ್ಲ. ಈರುಳ್ಳಿ, ಕ್ಯಾರೆಟ್, ಸೆಲೆರಿಯನ್ನು ಸಣ್ಣಗೆ ಹೆಚ್ಚಿ, ಸಣ್ಣ ಉರಿಯಲ್ಲಿ ಮೆತ್ತಗಾಗುವವರೆಗೆ ಬಾಡಿಸಬೇಕು. ಕೈಮಾ ನೀರು ಬಿಟ್ಟು, ಆ ನೀರು ಇಂಗಿ, ತಳದಲ್ಲಿ ಚಟಚಟ ಸದ್ದು ಬರುವವರೆಗೆ ಕೈಯಾಡಿಸಬೇಕು. ಆಮೇಲೆ ಸ್ವಲ್ಪ ಟೊಮೆಟೊ, ಒಂದು ಲೋಟ ಹಾಲು, ಮುಚ್ಚಳ ಓರೆ ಮಾಡಿ ಎರಡು ಗಂಟೆ.

ನಾನು ಮೇಕೆ ಕೈಮಾ ಹಾಕುತ್ತೇನೆ, ಒಂದು ಕಡ್ಡಿ ರೋಸ್‌ಮೇರಿಯನ್ನೂ. ಇಳಿಸಿದ ಮೇಲೆ ಕಾಮಕಸ್ತೂರಿ ಎಲೆ ಹರಿದು ಉದುರಿಸುತ್ತೇನೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ 'ಇಟಾಲಿಯನ್ ಬೇಸಿಲ್' ಕೊಳ್ಳುವವರಿಗೆ ಗೊತ್ತಿರಲಿ, ಸಸ್ಯಶಾಸ್ತ್ರದ ಲೆಕ್ಕದಲ್ಲಿ ಎರಡೂ ಒಂದೇ ಜಾತಿ. ತಳಿ ಬೇರೆ, ಪರಿಮಳ ತುಸು ಬೇರೆ. ಇದನ್ನು ರಗೂ ಎನ್ನಲು ನಿಮಗೆ ಮನಸ್ಸು ಬಾರದಿದ್ದರೆ ಕೈಮಾ ಪಾಸ್ತಾ ಅನ್ನಿ. ಎರಡು ಗಂಟೆಗೆ ಮೊದಲು ಮಾತ್ರ ಒಲೆಯಿಂದ ಇಳಿಸಬೇಡಿ.