ತೇಲುವ ಚೆಂಡು ಮತ್ತು ಕೂಡಿ ಬಿಡಿಸುವ ಲೆಕ್ಕ

ಲೆಕ್ಕವನ್ನು ಒಬ್ಬರೇ ಮಾಡಬೇಕು, ಪಕ್ಕದವರ ಪುಸ್ತಕದ ಕಡೆ ಕಣ್ಣು ಹಾಯಿಸಿದರೂ ತಪ್ಪು ಎಂದು ನಾವೆಲ್ಲ ಚಿಕ್ಕಂದಿನಲ್ಲಿ ಕಲಿತವರು. ನಮ್ಮ ಮಕ್ಕಳಿಗೂ ಅದನ್ನೇ ಹೇಳುತ್ತಾ ಬಂದಿದ್ದೇವೆ. ಕಳೆದ ಚಳಿಗಾಲದ ಒಂದು ಭಾನುವಾರ ಆ ಮಾತು ಪೂರ್ತಿ ಸರಿಯಲ್ಲ ಎಂದು ನಮಗೆ ಅನ್ನಿಸಿತು. ಅದನ್ನು ಓದುಗರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ನಮ್ಮ ಹಾಲಿಹಿಲ್ ಇರುವುದು ಕಾರ್ಕ್ ನಗರದ ಉತ್ತರದ ಗುಡ್ಡದ ಮೇಲೆ. 1980ರಲ್ಲಿ ಆಪಲ್ ಕಂಪನಿ ಇಲ್ಲಿಗೆ ಬಂದ ನಂತರ ಈ ಊರಿನ ಹೆಸರು ಹೊರಗಿನವರಿಗೂ ತಿಳಿಯಿತು. ಇಲ್ಲಿ ಮಳೆ ಬಂದರೆ ಮಕ್ಕಳು ಮನೆಯೊಳಗೇ. ಅಂದು ಎರಡು ಮೂರು ಮನೆಯ ಮಕ್ಕಳು ಒಂದೇ ಮನೆಯಲ್ಲಿ ಸೇರಿದ್ದರು. ಬೆಳಿಗ್ಗೆ ಹತ್ತು ಗಂಟೆ. ದಾವಣಗೆರೆಯಲ್ಲಿ ಆಗ ಮಧ್ಯಾಹ್ನ ಮೂರೂವರೆ. ಅಲ್ಲಿನ ಅಕ್ಕ, ತಮ್ಮ, ಅಜ್ಜ ಎಲ್ಲರೂ ವಿಡಿಯೋ ಕರೆಯಲ್ಲಿದ್ದರು. ಕ್ಷೇಮ ಸಮಾಚಾರ ಮುಗಿದ ಮೇಲೆ ಮಾತಿಗೆ ವಿಷಯ ಸಾಲದೆ ನಾವು ಒಂದು ಹಳೆಯ ಒಗಟನ್ನು ಅಂಕಿ ಬದಲಿಸಿ ಮುಂದಿಟ್ಟೆವು.

ಒಗಟು ಹೀಗಿದೆ. ಕೊಳದಲ್ಲಿ ಒಂದು ಚೆಂಡು ತೇಲುತ್ತಿತ್ತು. ರಾತ್ರಿ ನೀರು ಹೆಪ್ಪುಗಟ್ಟಿತು. ಬೆಳಿಗ್ಗೆ ಯಾರೋ ಚೆಂಡನ್ನು ತೆಗೆದುಕೊಂಡು ಹೋದರು. ಮಂಜುಗಡ್ಡೆಯಲ್ಲಿ ಒಂದು ಕುಳಿ ಉಳಿಯಿತು. ಅದರ ಬಾಯಿಯ ಅಗಲ 16 ಸೆಂ.ಮೀ., ನಡುವಿನ ಆಳ 4 ಸೆಂ.ಮೀ. ಹಾಗಾದರೆ ಚೆಂಡಿನ ವ್ಯಾಸವೆಷ್ಟು? ಹೆಪ್ಪುಗಟ್ಟುವಾಗ ಕುಳಿಯ ಆಕಾರ ಬದಲಾಗಲಿಲ್ಲ ಎಂದಿಟ್ಟುಕೊಳ್ಳಿ.

ನಮ್ಮ ಕಡೆಯ ಚಿಕ್ಕ ಹುಡುಗ ತಕ್ಷಣ "16" ಎಂದ. ಕುಳಿ 16 ಅಗಲವಿದ್ದರೆ ಚೆಂಡೂ ಅಷ್ಟೇ ಅಲ್ಲವೇ ಎಂಬುದು ಅವನ ವಾದ. ಉಳಿದವರು ನಕ್ಕರು. ಅವನ ಮುಖ ಸಣ್ಣದಾಯಿತು. ಆದರೆ ದಾವಣಗೆರೆಯ ಅಕ್ಕ ನಗಲಿಲ್ಲ. "ಚೆಂಡು ಸರಿಯಾಗಿ ಅರ್ಧ ಮುಳುಗಿದ್ರೆ ನೀನು ಹೇಳಿದ್ದೇ ಸರಿ ಕಣೋ. ಆದ್ರೆ ಆಗ ಆಳ ಎಷ್ಟಿರಬೇಕಿತ್ತು?" ಎಂದು ಕೇಳಿದಳು. ಅವನು ಬೆರಳು ಮಡಿಸಿ "8" ಎಂದ. ಆಳ 4 ಮಾತ್ರ ಇರುವುದರಿಂದ ನೀರಿನ ಮಟ್ಟ ಚೆಂಡಿನ ನಡುವಿಗಿಂತ ಕೆಳಗೆ ಇತ್ತು, ಚೆಂಡು 16ಕ್ಕಿಂತ ದೊಡ್ಡದು ಎಂದು ಅವನೇ ಹೇಳಿದ. ಅವನ ತಪ್ಪು ಉತ್ತರವೇ ಎಲ್ಲರಿಗೂ ಮೊದಲ ಮೆಟ್ಟಿಲಾಯಿತು.

ಅಷ್ಟರಲ್ಲಿ ನಮ್ಮಲ್ಲೊಬ್ಬರು ತಡೆಯಲಾರದೆ "20!" ಎಂದುಬಿಟ್ಟೆವು. ಉತ್ತರ ಸರಿಯಾಗಿಯೇ ಇತ್ತು. ಆದರೆ ಎರಡೂ ಕಡೆ ಪೆನ್ಸಿಲ್‌ಗಳು ನಿಂತುಹೋದವು. ಮಕ್ಕಳು ಕಿಟಕಿಯ ಕಡೆ ನೋಡತೊಡಗಿದರು. ಹುಡುಕುವ ವಸ್ತು ಸಿಕ್ಕಿತೆಂದ ಮೇಲೆ ಹುಡುಕುವವರು ಯಾರು? ಆ ಒಂದು ನಿಮಿಷದ ಮೌನ ನಮಗೆ ನಾಚಿಕೆ ತಂದಿತು.

ಆಟವನ್ನು ಮತ್ತೆ ನಡೆಸಿದವರು ಅಜ್ಜ. "ಉತ್ತರ ಹಂಗಿರ್ಲಿ, ದಾರಿ ಹೇಳ್ರಪ್ಪ" ಎಂದರು. ಅಕ್ಕ ಚೆಂಡಿನ ಕೇಂದ್ರದಿಂದ ಕುಳಿಯ ಅಂಚಿಗೆ ಗೆರೆ ಎಳೆದು ಲಂಬಕೋನ ತ್ರಿಭುಜ ತೋರಿಸಿದಳು. ಒಂದು ಬಾಹು 8, ಇನ್ನೊಂದು ತ್ರಿಜ್ಯಕ್ಕಿಂತ 4 ಕಡಿಮೆ, ವಿಕರ್ಣವೇ ತ್ರಿಜ್ಯ. ಪೈಥಾಗೊರಸ್ ಪ್ರಮೇಯ ಹಾಕಿದರೆ ತ್ರಿಜ್ಯ 10 ಬರುತ್ತದೆ. ಅಜ್ಜ ಇನ್ನೂ ಹತ್ತಿರದ ದಾರಿ ಹೇಳಿದರು. ವೃತ್ತದೊಳಗಿನ ಜ್ಯಾವನ್ನು ಬಿಲ್ಲಿನ ಹಗ್ಗ ಎಂದುಕೊಳ್ಳಿ. ಅದಕ್ಕೆ ಲಂಬವಾದ ವ್ಯಾಸದ ಎರಡು ತುಂಡುಗಳೇ ಎರಡು ಬಾಣಗಳು. ಬಾಣಗಳ ಗುಣಲಬ್ಧ ಅರ್ಧ ಜ್ಯಾದ ವರ್ಗಕ್ಕೆ ಸಮ. ಇದನ್ನು ಆರ್ಯಭಟ ಕ್ರಿ.ಶ. 499ರಲ್ಲೇ ಹೇಳಿದ್ದಾನೆ. ಇಲ್ಲಿ ಅರ್ಧ ಜ್ಯಾ 8, ಅದರ ವರ್ಗ 64. ಒಂದು ಬಾಣ 4, ಇನ್ನೊಂದು 16. ಕೂಡಿದರೆ ವ್ಯಾಸ 20.

ಆಮೇಲೆ ಅಜ್ಜ ಭಾಸ್ಕರಾಚಾರ್ಯರ ಲೀಲಾವತಿಯ ತಾವರೆಯ ಲೆಕ್ಕವನ್ನು ನೆನಪಿಸಿದರು. ನೀರಿನಿಂದ ಅರ್ಧ ಮೊಳ ಮೇಲಿದ್ದ ತಾವರೆ ಗಾಳಿಗೆ ಬಾಗಿ ಎರಡು ಮೊಳ ದೂರದಲ್ಲಿ ಮುಳುಗಿದರೆ ನೀರಿನ ಆಳವೆಷ್ಟು? ಉತ್ತರ ಮೂರೂಮುಕ್ಕಾಲು ಮೊಳ. ತಾವರೆಯ ಬೇರೇ ಕೇಂದ್ರ, ದಂಟೇ ತ್ರಿಜ್ಯ. ಚಿತ್ರವನ್ನು ತಲೆಕೆಳಗು ಮಾಡಿದರೆ ಅದೇ ನಮ್ಮ ಚೆಂಡು! ಹೆಪ್ಪುಗಟ್ಟಿದ ಕೊಳವನ್ನು ಕಾಣದ ದಾವಣಗೆರೆಯ ತಮ್ಮನಿಗೂ ತಾವರೆಯ ಕೆರೆ ಕಾಣದ ಹಾಲಿಹಿಲ್ ಹುಡುಗನಿಗೂ ಒಂದೇ ಚಿತ್ರ ಅರ್ಥವಾಯಿತು.

ಮಕ್ಕಳು ಅಲ್ಲಿಗೂ ನಿಲ್ಲಲಿಲ್ಲ. ಚೆಂಡು ಎಷ್ಟು ಭಾರ? ತೇಲುವ ವಸ್ತುವಿನ ತೂಕ ಅದು ಸರಿಸಿದ ನೀರಿನ ತೂಕಕ್ಕೆ ಸಮ ಎಂಬುದು ಆರ್ಕಿಮಿಡೀಸನ ನಿಯಮ. ಮುಳುಗಿದ ಭಾಗದ ಘನಫಲ ಸುಮಾರು 436 ಘನ ಸೆಂ.ಮೀ., ಅಂದರೆ ಚೆಂಡಿನ ತೂಕ ಸುಮಾರು 436 ಗ್ರಾಂ. ಪಂದ್ಯದ ಫುಟ್‌ಬಾಲ್ 410ರಿಂದ 450 ಗ್ರಾಂ ಇರುತ್ತದೆ. ಉತ್ತರ ನಂಬುವಂತಿದೆ ಎಂದು ಮಕ್ಕಳೇ ತೀರ್ಮಾನಿಸಿದರು.

ಗಣಿತದ ಚರಿತ್ರೆಯೂ ಇದೇ ರೀತಿ ನಡೆದಿದೆ. ಗೋಳದ ಘನಫಲಕ್ಕೆ ಆರ್ಯಭಟ ಕೊಟ್ಟ ಸೂತ್ರ ತಪ್ಪು. ನಮ್ಮ 10 ಸೆಂ.ಮೀ. ತ್ರಿಜ್ಯದ ಚೆಂಡಿಗೆ ಅದು ಸುಮಾರು 5568 ಘನ ಸೆಂ.ಮೀ. ಕೊಡುತ್ತದೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಗಣಿತಸಾರ ಸಂಗ್ರಹದಲ್ಲಿ ಎರಡು ಲೆಕ್ಕ ಕೊಟ್ಟರು. ವ್ಯವಹಾರಕ್ಕೆ 4500, ಸೂಕ್ಷ್ಮಕ್ಕೆ 4050. ಇನ್ನೂ ಮುನ್ನೂರು ವರ್ಷಗಳ ನಂತರ, 1150ರಲ್ಲಿ, ಭಾಸ್ಕರಾಚಾರ್ಯರು ಸರಿಯಾದ ಸೂತ್ರ ಬರೆದರು. ಅದರಂತೆ ಸುಮಾರು 4189. ಹಿಂದಿನವರ ತಪ್ಪಿಗೆ ನಕ್ಕು ಸುಮ್ಮನಾಗಿದ್ದರೆ ಈ ಮೆಟ್ಟಿಲುಗಳು ಏಳುತ್ತಿರಲಿಲ್ಲ.

ನಾವಿರುವ ಊರಿನಲ್ಲೇ ಇನ್ನೊಂದು ಉದಾಹರಣೆಯಿದೆ. ಚಮ್ಮಾರನ ಮಗ ಜಾರ್ಜ್ ಬೂಲ್ ಬಹುಪಾಲು ತಾನೇ ಓದಿ ಕಲಿತು 1849ರಲ್ಲಿ ಕಾರ್ಕ್‌ನ ಕಾಲೇಜಿಗೆ ಮೊದಲ ಗಣಿತ ಪ್ರಾಧ್ಯಾಪಕನಾಗಿ ಬಂದವನು. 1860ರಲ್ಲಿ ಕಾರ್ಕ್‌ನಲ್ಲಿ ಹುಟ್ಟಿದ ಅವನ ಮಗಳು ಅಲಿಸಿಯಾಗೆ ವಿಶ್ವವಿದ್ಯಾಲಯದ ಶಿಕ್ಷಣ ಸಿಗಲಿಲ್ಲ. ನೀರಿನ ಮಟ್ಟ ಚೆಂಡನ್ನು ಕತ್ತರಿಸಿದರೆ ವೃತ್ತ ಕಾಣುತ್ತದೆ. ನಾಲ್ಕು ಆಯಾಮದ ಆಕೃತಿಗಳನ್ನು ಹೀಗೆ ಕತ್ತರಿಸಿದರೆ ಏನು ಕಾಣುತ್ತದೆ ಎಂದು ಆಕೆ ಯೋಚಿಸಿ ರಟ್ಟಿನಲ್ಲಿ ಮಾದರಿಗಳನ್ನು ಮಾಡಿದಳು. ಹಾಲೆಂಡಿನ ಪ್ರಾಧ್ಯಾಪಕ ಸ್ಖೌಟೆ ಅದೇ ವಿಷಯದಲ್ಲಿ ದುಡಿಯುತ್ತಿರುವುದು ತಿಳಿದು ಮಾದರಿಗಳ ಚಿತ್ರ ಕಳುಹಿಸಿದಳು. ಅಂಚೆಯಲ್ಲಿ ಆರಂಭವಾದ ಆ ಜೊತೆಗಾರಿಕೆ ಅವರು 1913ರಲ್ಲಿ ತೀರಿಕೊಳ್ಳುವವರೆಗೂ ನಡೆಯಿತು. 1914ರಲ್ಲಿ ಗ್ರೋನಿಂಗೆನ್ ವಿಶ್ವವಿದ್ಯಾಲಯ ಆಕೆಗೆ ಗೌರವ ಡಾಕ್ಟರೇಟ್ ನೀಡಿತು. ದೂರದ ಜೊತೆಗಾರರೊಡನೆ ರೇಖಾಗಣಿತ ಬಿಡಿಸಲು ಆಕೆಗೆ ಇಂಟರ್‌ನೆಟ್ ಬೇಕಾಗಲಿಲ್ಲ. ನಮ್ಮ ಮಕ್ಕಳಿಗೆ ಅದು ಅಂಗೈಯಲ್ಲೇ ಇದೆ. ಆದರೆ ಅದನ್ನು ನಾವು ಹೆಚ್ಚಾಗಿ ಬಳಸುವುದು ಸಿದ್ಧ ಉತ್ತರ ಪಡೆಯಲು. ಇಂದು ಲೆಕ್ಕದ ಫೋಟೋ ತೆಗೆದರೆ ಸಾಕು, ಯಂತ್ರವೇ ಉತ್ತರ ಬರೆದುಕೊಡುತ್ತದೆ. ಅಂದು "20" ಎಂದು ಕೂಗಿದ ನಮಗೂ ಆ ಯಂತ್ರಕ್ಕೂ ಏನು ವ್ಯತ್ಯಾಸ?

ಲೀವಿಂಗ್ ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ಒಬ್ಬರೇ ತಾನೇ ಕೂರಬೇಕು ಎಂದು ಕೆಲವರು ಕೇಳಬಹುದು. ನಿಜ. ಕೂಡಿ ಬಿಡಿಸುವುದೆಂದರೆ ನಕಲು ಮಾಡುವುದಲ್ಲ. ಆದ್ದರಿಂದ ನಾವು ಮನೆಯಲ್ಲಿ ಮೂರು ನಿಯಮ ಮಾಡಿಕೊಂಡಿದ್ದೇವೆ. ಒಂದು, ಉತ್ತರ ಗೊತ್ತಿದ್ದವರು ಅದನ್ನು ಹೇಳದೆ ಒಂದು ಪ್ರಶ್ನೆ ಕೇಳಬೇಕು. ಎರಡು, ತಪ್ಪು ಚಿತ್ರವನ್ನು ಅಳಿಸಬಾರದು, ಎಲ್ಲಿ ತಪ್ಪಿತೆಂದು ಪಕ್ಕದಲ್ಲಿ ಬರೆಯಬೇಕು. ಮೂರು, ವಾರದ ನಂತರ ಪ್ರತಿಯೊಬ್ಬರೂ ಯಾರ ಸಹಾಯವಿಲ್ಲದೆ ಅದೇ ಲೆಕ್ಕವನ್ನು ಬೇರೆ ಅಂಕಿಗಳೊಂದಿಗೆ ಮಾಡಿ ತೋರಿಸಬೇಕು. ಈ ಮೂರನೆಯದೇ ಪರೀಕ್ಷೆಯ ಭಯಕ್ಕೆ ಉತ್ತರ.

ಇನ್ನೊಂದು ಲಾಭವನ್ನು ನಾವು ನಿರೀಕ್ಷಿಸಿರಲಿಲ್ಲ. ನಮ್ಮ ಮಕ್ಕಳ ಕನ್ನಡ ಊಟ, ತಿಂಡಿ, ಹಬ್ಬಗಳ ಆಚೆ ಹೋಗುವುದು ಅಪರೂಪ. ಅಂದು ಗೋಳ, ವ್ಯಾಸ, ತ್ರಿಜ್ಯ, ಜ್ಯಾ ಎಂಬ ಪದಗಳು ಬಾಯಿಪಾಠವಿಲ್ಲದೆ ಬಾಯಿಗೆ ಬಂದವು, ಏಕೆಂದರೆ ಅವು ಬೇಕಾಗಿದ್ದವು. 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ಗಣಿತ ಗ್ರಂಥಗಳನ್ನು ಬರೆದಿದ್ದಾನೆ. ಆ ಭಾಷೆಯಲ್ಲಿ ನಮ್ಮ ಮಕ್ಕಳು ಯೋಚಿಸಲಾರರು ಎಂದು ನಾವೇ ಏಕೆ ತೀರ್ಮಾನಿಸಬೇಕು?

ಆದ್ದರಿಂದ ನಮ್ಮದೊಂದು ಕೋರಿಕೆ. ನಮ್ಮ ಶಾಲೆಯಲ್ಲಿ ತಿಂಗಳಿಗೆ ಅರ್ಧ ಗಂಟೆ ಒಂದು ಒಗಟಿಗೆ ಮೀಸಲಾಗಲಿ. ಕನ್ನಡ, ಹಿಂದಿ, ತಮಿಳು, ಯಾವ ಮನೆಮಾತಾದರೂ ಸರಿ, ಊರಿನ ಒಬ್ಬ ಅಜ್ಜ, ಅಜ್ಜಿ ಅಥವಾ ಅಕ್ಕ ಪರದೆಯ ಆ ಕಡೆ ಇರಲಿ. ಹಿರಿಯರಾದ ನಾವು ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ಕೂರೋಣ. ಹತ್ತು ಜನರ ಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತಾರೆ. ಅಂದು "16" ಎಂದ ಹುಡುಗ ಕಳೆದ ವಾರ ತಾನೇ ಒಂದು ಹೊಸ ಕುಳಿಯ ಲೆಕ್ಕ ಮಾಡಿ ತಂದಿದ್ದಾನೆ. ಅಗಲ 24, ಆಳ 6. ಉತ್ತರವನ್ನು ನಾವು ಇಲ್ಲಿ ಬರೆಯುವುದಿಲ್ಲ. ನಿಮ್ಮ ಮನೆಯ ಮಕ್ಕಳೊಡನೆ ಕುಳಿತು ನೋಡಿ.