ಆಟಕ್ಕುಂಟು ಲೆಕ್ಕಕ್ಕಿಲ್ಲ

ಸಂಜೆಯ ಹೊತ್ತಿನಲ್ಲಿ ಊರಿನ ಮೈದಾನದ ಕಡೆಗೆ ಕಣ್ಣು ಹಾಯಿಸಿದರೆ ಆಡುವವರಷ್ಟೇ ಅಲ್ಲ, ಆಡದೆ ನಿಂತವರೂ ಕಾಣಿಸುತ್ತಾರೆ. ಇಬ್ಬರು ನಾಯಕರು ಎದುರುಬದುರು ನಿಂತು ತಮ್ಮ ತಮ್ಮ ಕಡೆಯವರನ್ನು ಆರಿಸಿಕೊಳ್ಳುವಾಗ ಗಟ್ಟಿಗರೂ ಚುರುಕಿನವರೂ ಮೊದಲು ಹೋಗುತ್ತಾರೆ. ಕಡೆಗೆ ಉಳಿದವನ ಪಾಲಿಗೆ ಅಂಕ ಬರೆಯುವ ಪುಸ್ತಕ, ಇಲ್ಲವೆ ಬೇಲಿಯಾಚೆ ಬಿದ್ದ ಚೆಂಡನ್ನು ಹೆಕ್ಕಿ ತರುವ ಕೆಲಸ. ಪುಟ್ಟ ತಮ್ಮನೋ ತಂಗಿಯೋ ಹಟ ಹಿಡಿದರೆ ಅವರನ್ನು ಸೇರಿಸಿಕೊಳ್ಳುವುದೂ ಉಂಟು. ಆದರೆ ಅವರು ಔಟಾದರೂ ಔಟಲ್ಲ, ಗೆದ್ದರೂ ಗೆಲುವಲ್ಲ. ಇದನ್ನೇ ನಮ್ಮ ಜನ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದರು. ಎಳೆಯರ ವಿಷಯದಲ್ಲಿ ಅದು ಅಕ್ಕರೆಯ ಮಾತು. ಬೆಳೆದವರ ವಿಷಯದಲ್ಲಿ ಅದು ಅಕ್ಕರೆಯಾಗಿ ಉಳಿಯುವುದಿಲ್ಲ.

1876ರಲ್ಲಿ ಧಾರವಾಡದಲ್ಲಿ ಜನಿಸಿದ ಪಾಲ್ವಣಕರ್ ಬಾಳೂ ಎಂಬ ದಲಿತ ತರುಣ, ಪುಣೆಯ ಕ್ರಿಕೆಟ್ ಕ್ಲಬ್ಬಿನಲ್ಲಿ ಅಂಗಳ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಅಲ್ಲಿನ ಆಂಗ್ಲರ ಅಭ್ಯಾಸಕ್ಕಾಗಿ ಚೆಂಡೆಸೆಯುತ್ತಲೇ ಅವರು ಎಡಗೈ ಸ್ಪಿನ್ ಬೌಲಿಂಗಿನಲ್ಲಿ ಅಸಾಧಾರಣ ಪರಿಣತಿಯನ್ನು ಗಳಿಸಿದರು. ಹಿಂದೂಗಳ ತಂಡಕ್ಕೆ ಅವರ ಬೌಲಿಂಗ್ ಬೇಕಾಯಿತು. ಆದರೆ ವಿರಾಮದ ವೇಳೆಯಲ್ಲಿ ಜೊತೆಗಾರರು ಒಳಗೆ ಪಿಂಗಾಣಿ ಬಟ್ಟಲುಗಳಲ್ಲಿ ಚಹಾ ಕುಡಿಯುತ್ತಿದ್ದರೆ, ಬಾಳೂ ಅವರಿಗೆ ಹೊರಗಡೆ ಮಣ್ಣಿನ ಕುಡಿಕೆಯಲ್ಲಿ ಕೊಡಲಾಗುತ್ತಿತ್ತು. ಚೆಂಡಿಗೆ ತಟ್ಟದ ಮೈಲಿಗೆ ಬಟ್ಟಲಿಗೆ ತಟ್ಟಿದ್ದು ವಿಚಿತ್ರವೇ ಸರಿ! 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು ನೂರಕ್ಕೂ ಹೆಚ್ಚು ವಿಕೆಟ್ಟುಗಳನ್ನು ಪಡೆದರು. ಇಷ್ಟಾದರೂ ಹಿಂದೂ ತಂಡದ ನಾಯಕನ ಪಟ್ಟ ಅವರಿಗೆ ದೊರೆಯಲಿಲ್ಲ. ಅದು ದೊರೆತದ್ದು 1923ರಲ್ಲಿ, ಅವರ ತಮ್ಮ ವಿಠ್ಠಲರಿಗೆ.

ಇಂದು ಅಂಥ ಕುಡಿಕೆಗಳು ಮೈದಾನದಲ್ಲಿ ಕಾಣುವುದಿಲ್ಲವೆಂದು ಸಮಾಧಾನಪಡುವ ಮುನ್ನ ಬೇಲಿಯ ಬಳಿ ನಿಂತವರನ್ನು ಇನ್ನೊಮ್ಮೆ ನೋಡಬೇಕು. ಅಲ್ಲಿ ಅಂಗವೈಕಲ್ಯವುಳ್ಳವರಿದ್ದಾರೆ. ಅವರನ್ನು ಆಟಕ್ಕೆ ಸೇರಿಸಬೇಕಾದರೆ ನಿಯಮಗಳನ್ನು ಸಡಿಲಿಸಬೇಕಾಗುತ್ತದೆ, ಹಾಗೆ ಮಾಡಿದರೆ ಆಟದ ಸತ್ತ್ವವೇ ಕೆಡುತ್ತದೆ ಎಂದು ಕೆಲವರು ವಾದಿಸುತ್ತಾರೆ. ಈ ವಾದ ಮೇಲುನೋಟಕ್ಕೆ ಸರಿಯೆನಿಸಿದರೂ ವಿಚಾರದ ಮುಂದೆ ನಿಲ್ಲುವುದಿಲ್ಲ. ಕುಸ್ತಿಯಲ್ಲಿ ತೂಕಕ್ಕೆ ತಕ್ಕಂತೆ ಜೋಡಿ ಕಟ್ಟುವುದಿಲ್ಲವೆ? ವಾಲಿಬಾಲಿನ ಬಲೆ ಪುರುಷರಿಗೆ 2.43 ಮೀಟರ್, ಮಹಿಳೆಯರಿಗೆ 2.24 ಮೀಟರ್ ಎತ್ತರದಲ್ಲಿರುವುದರಿಂದ ಯಾರ ಆಟ ಕೆಟ್ಟಿತು?

ಅಂಧರ ಕ್ರಿಕೆಟ್ ಈ ವಾದಕ್ಕೆ ಇನ್ನೂ ಸೊಗಸಾದ ಉತ್ತರವನ್ನು ಕೊಡುತ್ತದೆ. 1922ರ ಸುಮಾರಿಗೆ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಅಂಧ ಕಾರ್ಮಿಕರು ತಗಡಿನ ಡಬ್ಬಿಯಲ್ಲಿ ಕಲ್ಲುಗಳನ್ನು ತುಂಬಿ ಇದನ್ನು ಆಡಲಾರಂಭಿಸಿದರು. ಇಂದು ಬಳಸುವ ಪ್ಲಾಸ್ಟಿಕ್ ಚೆಂಡಿನೊಳಗೆ ಲೋಹದ ಗುಂಡುಗಳಿರುತ್ತವೆ. ಉರುಳುವಾಗ ಗಲಗಲ ಸದ್ದಾಗುತ್ತದೆ. ಬೌಲರನು ದಾಂಡಿಗನು ಸಿದ್ಧನೋ ಎಂದು ಕೇಳಿ, ಉತ್ತರ ಬಂದ ಮೇಲೆ ‘ಪ್ಲೇ’ ಎಂದು ಕೂಗಿ, ಕೈಯನ್ನು ಕೆಳಗಿನಿಂದ ಬೀಸಿ ಚೆಂಡನ್ನು ಬಿಡುತ್ತಾನೆ. ದಾಂಡಿಗನು ಕಿವಿಯಿಂದಲೇ ಅದರ ವೇಗವನ್ನೂ ದಿಕ್ಕನ್ನೂ ಅಳೆಯಬೇಕು. ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಪೂರ್ಣ ಅಂಧರಿರಲೇಬೇಕು. ಉಳಿದವರು ಅಲ್ಪಸ್ವಲ್ಪ ಕಾಣಬಲ್ಲವರು. ಪೂರ್ಣ ಅಂಧನು ಒಂದು ಓಟ ಗಳಿಸಿದರೆ ತಂಡದ ಖಾತೆಗೆ ಎರಡು ಸೇರುತ್ತದೆ. ಲೆಕ್ಕಕ್ಕೇ ಇಲ್ಲದಿದ್ದವನು ಇಲ್ಲಿ ಒಂದಕ್ಕೆ ಎರಡಾಗಿ ಲೆಕ್ಕಕ್ಕೆ ಬಂದನು! ಇದು ಕನಿಕರದಿಂದ ಕೊಟ್ಟ ದಾನವಲ್ಲ. ಆ ಓಟ ಅಷ್ಟು ಕಷ್ಟದ್ದೆಂದು ಒಪ್ಪಿಕೊಂಡ ನ್ಯಾಯ. ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕರ ನಾಯಕತ್ವದಲ್ಲಿ ಭಾರತ 2012ರಲ್ಲಿ ಬೆಂಗಳೂರಿನಲ್ಲಿಯೇ ಅಂಧರ ಟಿ-20 ವಿಶ್ವಕಪ್ಪನ್ನು ಗೆದ್ದಿತು. 2025ರಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ವಿಶ್ವಕಪ್ಪನ್ನು ಗೆದ್ದ ಭಾರತ ತಂಡದ ನಾಯಕಿ ದೀಪಿಕಾ ಕೂಡ ಕರ್ನಾಟಕದವರೇ.

ಹೆಣ್ಣುಮಕ್ಕಳ ಮಾತು ಬಂದಾಗ, ಅವರಿಗೆ ಆಟದಲ್ಲಿ ಆಸಕ್ತಿಯಿಲ್ಲವೆಂದು ಹೇಳಿಬಿಡುವುದು ಸುಲಭ. ಮೈದಾನದ ಬಳಿ ಶೌಚಾಲಯವಿಲ್ಲದಿದ್ದರೆ, ಹಿಂದಿರುಗುವ ದಾರಿಯಲ್ಲಿ ದೀಪವಿಲ್ಲದಿದ್ದರೆ, ಇರುವ ಒಂದೇ ಅಂಗಳವನ್ನು ಪ್ರತಿದಿನವೂ ಹುಡುಗರೇ ಹಿಡಿದುಕೊಂಡಿದ್ದರೆ ಆಸಕ್ತಿ ಎಷ್ಟು ದಿನ ಬಾಳೀತು? ವಾರದಲ್ಲಿ ಮೂರು ಸಂಜೆ ಅಂಗಳವನ್ನು ಅವರಿಗೆ ಬಿಟ್ಟುಕೊಡಲು ಹಣವೇನೂ ಬೇಕಿಲ್ಲ.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಕ್ರೀಡೆಯಲ್ಲಿಯೂ ಅವರ ಪಾಲನ್ನು ಒಪ್ಪಿ, ಕ್ರೀಡಾ ಸೌಕರ್ಯಗಳನ್ನು ಅದಕ್ಕೆ ತಕ್ಕಂತೆ ಮಾರ್ಪಡಿಸಬೇಕೆನ್ನುತ್ತದೆ. ಆದರೆ ದನಕರುಗಳು ನುಗ್ಗದಿರಲೆಂದು ಮೈದಾನದ ಬಾಗಿಲಲ್ಲಿ ಒತ್ತೊತ್ತಾಗಿ ಹುಗಿದ ಕಲ್ಲುಕಂಬಗಳು ಗಾಲಿಕುರ್ಚಿಯನ್ನೂ ಹೊರಗೇ ನಿಲ್ಲಿಸುತ್ತವೆ. ಪ್ರತಿವರ್ಷ ಪಂದ್ಯಾವಳಿಗೆಂದು ಚಂದಾ ಎತ್ತಿ, ಆಳೆತ್ತರದ ಪಾರಿತೋಷಕವನ್ನೂ ಧ್ವನಿವರ್ಧಕವನ್ನೂ ತರುವ ಊರಿನವರಿಗೆ, ಆ ಹಣದ ಒಂದು ಪಾಲಿನಲ್ಲಿ ಕಂಬಗಳನ್ನು ಸರಿಸಿ, ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ದಾರಿಯೊಂದನ್ನು ಕಟ್ಟಿಸುವುದು ಅಸಾಧ್ಯವೇನಲ್ಲ. ಈ ವರ್ಷದ ಚಂದಾ ಪುಸ್ತಕದಲ್ಲಿ ಮೊದಲ ಖರ್ಚಾಗಿ ಅದನ್ನೇ ಬರೆಯಬಹುದು.