ಅಂಗಡಿಯ ಸರ್ವರ್ ಮತ್ತು ನಮ್ಮ ಅಲಕ್ಷ್ಯ



ನಮ್ಮ ಅಡತಿ ಅಂಗಡಿಗಳಲ್ಲಿ ಕಿರ್ದಿ, ಖತಾವಣಿ ಪುಸ್ತಕಗಳಿಗೆ ಒಂದು ಕಾಲಕ್ಕೆ ಇದ್ದ ಗೌರವ ಅಪಾರವಾದುದು. ಗೆದ್ದಲು ಹಿಡಿಯದಂತೆ, ಮಳೆನೀರು ತಾಗದಂತೆ ಹಿರಿಯರು ಅವನ್ನು ಕಾಪಾಡುತ್ತಿದ್ದರು. ಇಂದು ಆ ಲೆಕ್ಕವೆಲ್ಲ ಸರ್ವರ್ ಎಂಬ ಗಣಕಯಂತ್ರದೊಳಗೆ ಸೇರಿದೆ. ಆ ಯಂತ್ರವಾದರೋ ಧೂಳು ತುಂಬಿದ ಮೂಲೆಯಲ್ಲಿ, ತಂದಿಟ್ಟ ದಿನದಿಂದ ಯಾರ ಆರೈಕೆಯೂ ಇಲ್ಲದೆ ಕುಳಿತಿರುತ್ತದೆ. ‘ನಡೆಯುತ್ತಿದೆಯಲ್ಲ, ಮುಟ್ಟುವುದೇಕೆ?’ ಎಂಬುದು ಅನೇಕ ಯಜಮಾನರ ಸಮಾಧಾನ.

ಈ ಸಮಾಧಾನ ಎಷ್ಟು ದುಬಾರಿಯಾಗಬಲ್ಲದೆಂಬುದಕ್ಕೆ ಅಮೆರಿಕದ ಈಕ್ವಿಫ್ಯಾಕ್ಸ್ ಸಂಸ್ಥೆಯ ಪ್ರಕರಣವನ್ನು ನೋಡಬೇಕು. ಜನರ ಸಾಲದ ವ್ಯವಹಾರಗಳ ವಿವರವನ್ನು ಕಾಯ್ದಿಡುವುದೇ ಅದರ ಉದ್ಯೋಗ. ಅದು ಬಳಸುತ್ತಿದ್ದ ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದಲ್ಲಿ ದೋಷವೊಂದಿರುವುದು 2017ರ ಮಾರ್ಚ್‌ನಲ್ಲಿ ಬಹಿರಂಗವಾಯಿತು. ಪರಿಹಾರದ ತೇಪೆಯೂ ಆಗಲೇ ಉಚಿತವಾಗಿ ದೊರೆಯುತ್ತಿತ್ತು. ಅದನ್ನು ಹಚ್ಚುವಂತೆ ಸಂಸ್ಥೆಯೊಳಗೆ ಸೂಚನಾಪತ್ರವೂ ಹೊರಟಿತು. ಆದರೆ ಅದನ್ನು ಕಳುಹಿಸಬೇಕಾದವರ ಪಟ್ಟಿಯೇ ಹಳೆಯದಾಗಿತ್ತು. ತಲುಪಬೇಕಾದವರಿಗೆ ಅದು ತಲುಪಲಿಲ್ಲ. ಮೇ ತಿಂಗಳಲ್ಲಿ ಕಳ್ಳರು ಆ ಬಿರುಕಿನಿಂದಲೇ ಒಳಹೊಕ್ಕು, 76 ದಿನಗಳ ಕಾಲ ಯಾರ ಕಣ್ಣಿಗೂ ಬೀಳದೆ ಮಾಹಿತಿಯನ್ನು ಸಾಗಿಸಿದರು.

ಕಾಣದೆ ಹೋದದ್ದಾದರೂ ಹೇಗೆ? ಹೊರಹೋಗುವ ಮಾಹಿತಿಯನ್ನು ಪರೀಕ್ಷಿಸುವ ಉಪಕರಣವೊಂದು ಅಲ್ಲಿ ಇದ್ದೇ ಇತ್ತು. ಅದಕ್ಕೆ ಬೇಕಾದ ಡಿಜಿಟಲ್ ಪ್ರಮಾಣಪತ್ರದ ಅವಧಿ ಸುಮಾರು 19 ತಿಂಗಳ ಹಿಂದೆಯೇ ಮುಗಿದಿತ್ತು, ಅದನ್ನು ನವೀಕರಿಸಿರಲಿಲ್ಲ. ಕಾವಲುಗಾರನನ್ನು ಬಾಗಿಲಲ್ಲಿ ನಿಲ್ಲಿಸಿ ಕಣ್ಣಿಗೆ ಬಟ್ಟೆ ಕಟ್ಟಿದಂತಾಗಿತ್ತು. ಜುಲೈ 29ರಂದು ಪ್ರಮಾಣಪತ್ರವನ್ನು ನವೀಕರಿಸಿದ ಕೂಡಲೇ ಕಳ್ಳತನ ಗೋಚರಿಸಿತು. ಅಷ್ಟರಲ್ಲಿ ಸುಮಾರು 14 ಕೋಟಿ 70 ಲಕ್ಷ ಜನರ ವಿವರಗಳು ಪರರ ಕೈಸೇರಿದ್ದವು. ಸಂಸ್ಥೆಯ ಮುಖ್ಯಸ್ಥರು ಹುದ್ದೆ ತೊರೆದರು. 2019ರ ರಾಜಿ ಒಪ್ಪಂದದಲ್ಲಿ ಕನಿಷ್ಠ 57 ಕೋಟಿ 50 ಲಕ್ಷ ಡಾಲರ್ ತೆರಲು ಸಂಸ್ಥೆ ಒಪ್ಪಬೇಕಾಯಿತು. ಬೃಹತ್ ಸಂಸ್ಥೆಯಾದ್ದರಿಂದ ಅದು ಬದುಕಿ ಉಳಿಯಿತು. ಬಡ್ಡಿಗೆ ಹಣ ತಂದು ವ್ಯಾಪಾರ ನಡೆಸುವ ನಮ್ಮಂಥವರ ಮಾತು ಬೇರೆ.

‘ನಮ್ಮಲ್ಲಿ ಬ್ಯಾಕಪ್ ಇದೆ’ ಎನ್ನುವವರೂ ಉಂಟು. ಅವರು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ 2017ರ ಜನವರಿ 31ರಂದು ನಡೆದುದನ್ನು ತಿಳಿಯುವುದು ಒಳಿತು. ಅಲ್ಲಿನ ಸಿಬ್ಬಂದಿಯೊಬ್ಬರು ಕಣ್ತಪ್ಪಿನಿಂದ ಮುಖ್ಯ ಸರ್ವರ್‌ನ ಮಾಹಿತಿಯನ್ನೇ ಅಳಿಸಿದರು. ಪ್ರತಿಯಿಂದ ಮರಳಿ ಪಡೆಯೋಣವೆಂದರೆ, ನಿತ್ಯದ ಪ್ರತಿಯೇ ಇರಲಿಲ್ಲ! ಮಾಹಿತಿಕೋಶದ ತಂತ್ರಾಂಶ ಹೊಸ ಆವೃತ್ತಿಯದು, ಪ್ರತಿ ತೆಗೆಯುವ ಉಪಕರಣ ಹಳೆಯದು. ಎರಡಕ್ಕೂ ಹೊಂದಿಕೆಯಾಗದೆ ಆ ಕೆಲಸ ಸದ್ದಿಲ್ಲದೆ ನಿಂತುಹೋಗಿತ್ತು. ಎಚ್ಚರಿಕೆಯ ಮಿಂಚಂಚೆಗಳೂ ಯಾರನ್ನೂ ಮುಟ್ಟಿರಲಿಲ್ಲ. ಸುಮಾರು 6 ಗಂಟೆಗಳ ಹಿಂದೆ ಬೇರೊಂದು ಕಾರಣಕ್ಕೆ ತೆಗೆದಿದ್ದ ಪ್ರತಿಯೊಂದು ಅವರನ್ನು ಉಳಿಸಿತು. ಅದನ್ನು ಅದೃಷ್ಟವೆನ್ನಬೇಕೇ ಹೊರತು ವ್ಯವಸ್ಥೆಯೆನ್ನಲಾಗದು.

ನಮ್ಮ ಕಡೆ ಇನ್ನೂ ಒಂದು ರೂಢಿಯುಂಟು. ಬ್ಯಾಕಪ್ ತೆಗೆದ ಹಾರ್ಡ್ ಡಿಸ್ಕನ್ನು ಅದೇ ಸರ್ವರ್‌ನ ತಲೆಯ ಮೇಲೆಯೇ ಇಡುವುದು. ಬೆಂಕಿ ಬಿದ್ದರೆ, ಸಿಡಿಲು ಬಡಿದರೆ ಎರಡೂ ಒಟ್ಟಿಗೇ ಹೋಗುತ್ತವೆ. ಲೆಕ್ಕವನ್ನು ಗಣಕದಲ್ಲಿಡುವ ಕಂಪನಿಗಳು ನಿತ್ಯವೂ ಪ್ರತಿ ತೆಗೆದು ಅದನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಇಡಬೇಕೆಂದು 2022ರಲ್ಲಿ ತಿದ್ದುಪಡಿಯಾದ ಕಂಪನಿ ಲೆಕ್ಕಪತ್ರ ನಿಯಮಗಳು ವಿಧಿಸಿವೆ. ಪಾಲುದಾರಿಕೆಯ ಅಂಗಡಿಗೆ ಈ ನಿಯಮ ಅನ್ವಯಿಸದಿದ್ದರೂ ಪಾಲಿಸುವುದರಿಂದ ನಷ್ಟವೇನಿಲ್ಲ.

ವಿಂಡೋಸ್ ಸರ್ವರ್ 2012ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2023ರ ಅಕ್ಟೋಬರ್ 10ಕ್ಕೆ ಮುಗಿಯಿತು. ಬೆಂಬಲ ಮುಗಿದರೂ ಯಂತ್ರ ಎಂದಿನಂತೆ ಓಡುತ್ತದೆ, ಬಿಲ್ಲು ಮುದ್ರಿಸುತ್ತದೆ. ಹೊಸ ದೋಷ ಪತ್ತೆಯಾದಾಗ ಅದಕ್ಕೆ ತೇಪೆ ಮಾತ್ರ ಬರುವುದಿಲ್ಲ. ತಮ್ಮ ಸರ್ವರ್‌ನಲ್ಲಿ ಇರುವುದು ಯಾವ ಆವೃತ್ತಿ ಎಂಬುದನ್ನು ಯಜಮಾನರೇ ಲೆಕ್ಕಿಗರನ್ನು ಕೇಳಿ ಒಂದು ಚೀಟಿಯಲ್ಲಿ ಬರೆಸಿಕೊಳ್ಳಬೇಕು. ದೀಪಾವಳಿಗೆ ಹೊಸ ಖಾತೆಯ ಪೂಜೆಗೆ ಮುನ್ನ ಅಂಗಡಿ ತೊಳೆದು ಸುಣ್ಣ ಬಳಿಯುತ್ತೇವಷ್ಟೆ; ಅದೇ ವಾರದಲ್ಲಿ ಬ್ಯಾಕಪ್ ಪ್ರತಿಯನ್ನು ಬೇರೊಂದು ಗಣಕದಲ್ಲಿ ತೆರೆಸಿ, ಕಳೆದ ವರ್ಷದ ಯಾವುದಾದರೊಂದು ಬಿಲ್ಲು ಅದರಲ್ಲಿ ಸಿಕ್ಕುವುದೇ ಎಂದು ಸ್ವತಃ ಹುಡುಕಿ ನೋಡಿರಿ.